ಕೆರೆ ಕೆಳಗಿನ ಒಂದೆಕರೆ

ನನ್ನ ತವರು ಕ್ಯಾಸನೂರು. ಹೀಗೆಂದಾಗ ಎರಡೇ ಬಗೆಯ ಜನ ಕಣ್ಣರಳಿಸುತ್ತಾರೆ. ಸೊರಬ, ಶಿಕಾರಿಪುರದ ಕಡೆಯವರಾದರೆ “ಹೌದಾ, ಯಾರ ಮನೆ?” ಎಂದು ಹತ್ತಿರ ಬರುತ್ತಾರೆ. ಡಾಕ್ಟರಾದರೆ “ಅದೇ ಕ್ಯಾಸನೂರೇ?” ಎಂದು ಕನ್ನಡಕ ಸರಿಪಡಿಸಿಕೊಳ್ಳುತ್ತಾರೆ. 1984ರಲ್ಲಿ ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಹೊಸತರಲ್ಲಿ, ಅರಿಶಿನ ಕುಂಕುಮಕ್ಕೆ ಬಂದ ಅತ್ತೆಯ ಗೆಳತಿಯೊಬ್ಬರು “ಮಂಗನ ಕಾಯಿಲೆ ಊರಿನ ಹುಡುಗಿಯಾ?” ಎನ್ನುತ್ತಾ ಚಾಚಿದ ಕೈಯನ್ನು ಅರ್ಧಕ್ಕೇ ಹಿಂದೆ ತೆಗೆದುಕೊಂಡಿದ್ದರು. ನಮ್ಮತ್ತೆ ಒಳ್ಳೆಯವರು. “ಕಾಯಿಲೆ ಏನಿಲ್ಲ, ಮರ ಹತ್ತೋದು ಮಾತ್ರ ಇನ್ನೂ ಬಿಟ್ಟಿಲ್ಲ” ಎಂದು ನಕ್ಕು ಮಾತು ತೇಲಿಸಿದರು. ಒಂದು ಊರಿನ ಹೆಸರನ್ನು ರೋಗಕ್ಕೆ ಇಟ್ಟರೆ ಆ ಊರಿನ ಹೆಣ್ಣುಮಕ್ಕಳ ಪಾಡೇನು ಎಂಬುದು ವಿಜ್ಞಾನಿಗಳಿಗೆ ಹೇಗೆ ಹೊಳೆಯಬೇಕು, ಬಿಡಿ.

ನಾನೀಗ ಹೇಳಹೊರಟಿರುವುದು ಕಾಯಿಲೆಯ ವಿಷಯವಲ್ಲ, ಮನೆಗಳ ವಿಷಯ. ಆದರೆ ನಮ್ಮೂರ ಕಡೆ ಒಂದನ್ನು ಎತ್ತಿದರೆ ಇನ್ನೊಂದು ತಾನಾಗಿ ಬರುತ್ತದೆ.

ಹೋದ ಬೇಸಿಗೆಯಲ್ಲಿ ತಮ್ಮನ ಫೋನು ಬಂತು. ಕ್ಷೇಮ ಸಮಾಚಾರ ಮುಗಿದ ಮೇಲೂ ಅವನು ಫೋನು ಇಡಲಿಲ್ಲ. ಏನೋ ಇದೆ ಎಂದುಕೊಂಡೆ.

“ಅಕ್ಕಾ, ನಿನ್ನದೊಂದು ಸಹಿ ಬೇಕಿತ್ತು.”

ಕೆರೆ ಕೆಳಗಿನ ಒಂದೆಕರೆ ಗದ್ದೆಗೆ ಗಿರಾಕಿ ಬಂದಿದ್ದಾರಂತೆ. ಭೂ ಪರಿವರ್ತನೆ ಮಾಡಿಸಿ ಸೈಟು ಮಾಡುವವರು. ರಸ್ತೆ, ಚರಂಡಿ, ಪಾರ್ಕು ಅಂತ ಬಿಟ್ಟರೂ ಮೂವತ್ತು ನಲವತ್ತರ ಇಪ್ಪತ್ತು ಸೈಟು ಏಳುತ್ತವಂತೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು, ರೈತರಲ್ಲದವರು ಜಮೀನು ಕೊಳ್ಳಬಾರದೆಂಬ ತಡೆ ಹೋದ ಮೇಲೆ ಇಂಥ ಗಿರಾಕಿಗಳು ನಮ್ಮ ಕಡೆಯೂ ಕಾಣಿಸಿಕೊಂಡಿದ್ದಾರೆ. ಅಪ್ಪ ಹೋದ ಮೇಲೆ ಖಾತೆ ಜಂಟಿಯಾಗಿದೆ. ಹಿಂದೆ ಹೆಣ್ಣುಮಕ್ಕಳ ಸಹಿಯನ್ನು ಯಾರು ಕೇಳುತ್ತಿದ್ದರು? 2005ರ ಕಾನೂನು ಬಂದ ಮೇಲೆ ನಾವೂ ಲೆಕ್ಕಕ್ಕೆ ಬಂದಿದ್ದೇವೆ. ನನ್ನ ಪಾಲಿಗೆ ಬರುವ ದುಡ್ಡಿನ ಮೊತ್ತವನ್ನು ತಮ್ಮ ಸಂಕೋಚದಿಂದಲೇ ಹೇಳಿದ. ನಮ್ಮ ಮನೆಯ ಸಾಲದ ಕೊನೆಯ ಕಂತುಗಳು ಮುಗಿದು ಇನ್ನೂ ಉಳಿಯುವಷ್ಟಿತ್ತು. “ಅದಕ್ಕೇನಂತೆ, ಬರ್ತೀನಿ” ಎಂದೆ. ನಿಜ ಹೇಳಬೇಕೆಂದರೆ, ಅಂದು ರಾತ್ರಿ ಮಲಗುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಅಡಿಗೆಮನೆಗೆ ಹೊಸ ಕಟ್ಟೆ ಕಟ್ಟಿಸಿ, ಅದಕ್ಕೆ ಕಪ್ಪು ಕಲ್ಲು ಹಾಸಿಸಿ ಆಗಿತ್ತು.

ಆ ಒಂದೆಕರೆ ಸುಮ್ಮನೆ ಬಂದದ್ದಲ್ಲ. ಅಜ್ಜ ಅದನ್ನು ಗೇಣಿಗೆ ಮಾಡುತ್ತಿದ್ದ. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಾಗ ಅಪ್ಪ ಇನ್ನೂ ಹುಡುಗ. ಮುಂದೆ 1974ರ ತಿದ್ದುಪಡಿ ಬಂದು ‘ಉಳುವವನೇ ಹೊಲದೊಡೆಯ’ ಎಂದಾದಾಗ ಅಪ್ಪನೇ ನಮೂನೆ ಏಳು ತುಂಬಿ ಹಾಕಿದ. ಆ ಅರ್ಜಿಯ ನಕಲನ್ನು ದೇವರ ಫೋಟೋದ ಹಿಂದೆ ಇಟ್ಟಿದ್ದು, ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ ಧೂಳು ಕೊಡವುವಾಗ ನಾವು ಮಕ್ಕಳೆಲ್ಲ ಅದನ್ನು ನೋಡಿಯೇ ನೋಡುತ್ತಿದ್ದೆವು. ಹಾಗೆ ಬಂದ ಭೂಮಿಯನ್ನು ಹದಿನೈದು ವರ್ಷ ಮಾರುವಂತಿರಲಿಲ್ಲ. ಅಪ್ಪ ಆಮೇಲೂ ಮಾರುವ ಮಾತೆತ್ತಲಿಲ್ಲ. ತಮ್ಮನನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವನ ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ. ನಾಟಿಗೆ ಆಳು ಸಿಕ್ಕುವುದಿಲ್ಲ. ಅಡಿಕೆ ತೋಟಕ್ಕೆಂದು ತೆಗೆಸಿದ ಎರಡು ಬೋರಿನ ಸಾಲ ಹಾಗೇ ಇದೆ. ಭತ್ತ ಬೆಳೆದು ಯಾರೂ ಸಾಲ ತೀರಿಸಿದ್ದನ್ನು ನಾನಂತೂ ಕಂಡಿಲ್ಲ.

ಊರಿಗೆ ಹೋದ ದಿನ ಸಂಜೆ ಅವ್ವನನ್ನು ಕೈಹಿಡಿದು ಕೆರೆ ಏರಿಯ ಮೇಲೆ ಕರೆದುಕೊಂಡು ಹೋದೆ. ಅವಳಿಗೀಗ ಎಂಬತ್ತೈದರ ಹತ್ತಿರ. ಕಣ್ಣು ಮಂಜು, ನಾಲಿಗೆ ಚುರುಕು. ಏರಿಯ ಮೇಲೆ ನಿಂತರೆ ಊರು ಅಂಗೈಯಲ್ಲಿಟ್ಟಂತೆ ಕಾಣುತ್ತದೆ. ಮೇಲ್ಗಡೆ ಕಾನು. ಕಾನಿನಿಂದ ಇಳಿದ ನೀರು ಕೆರೆಗೆ, ಕೆರೆಯ ತೂಬಿನಿಂದ ಗದ್ದೆಗೆ. ಮನೆಗಳು ಮಾತ್ರ ಈ ನೀರಿನ ದಾರಿಯಿಂದ ಸರಿದು, ಪಕ್ಕದ ದಿಣ್ಣೆಯ ಗಟ್ಟಿ ಜಂಬಿಟ್ಟಿಗೆ ನೆಲದ ಮೇಲೆ ಒತ್ತೊತ್ತಾಗಿ ಕೂತಿವೆ. ಕಾನಿಗೂ ಮನೆಗಳಿಗೂ ನಡುವೆ ದನ ಮೇಯುವ ಬ್ಯಾಣ, ಒಂದಿಷ್ಟು ಹಕ್ಕಲು.

“ಮುಂಚಿನವರಿಗೆ ಗದ್ದೆ ಹತ್ರ ಮನೆ ಕಟ್ಟಿಕೊಳ್ಳೋಕೆ ಬರ್ತಿರಲಿಲ್ವಾ?” ಎಂದೆ, ಬೇಕೆಂದೇ.

“ಗದ್ದೇಲಿ ಮನೆ ಕಟ್ಟಿದ್ರೆ ಅನ್ನ ಎಲ್ಲಿ ಬೆಳೀತಾರೆ ಮಾರಾಯ್ತಿ?” ಎಂದಳು. ಆಮೇಲೆ ತಡೆದು, “ಕಾನಿಗೂ ಮನೆಗೂ ಮಧ್ಯೆ ಒಂದು ಕೂಗಳತೆ ಇರಬೇಕು, ಗದ್ದೆಗೂ ಮನೆಗೂ ಒಂದು ಏರು ಇರಬೇಕು ಅಂತಿದ್ರು ನಮ್ಮತ್ತೆ. ಎಂತಕ್ಕೆ ಅಂತ ನಾನು ಕೇಳಲಿಲ್ಲ. ಆಗೆಲ್ಲ ಸೊಸೆಯಂದಿರು ಕೇಳ್ತಿರಲಿಲ್ಲ” ಎಂದಳು.

ಎಂತಕ್ಕೆ ಎಂಬುದು ಅವಳಿಗೆ ಮದುವೆಯಾಗಿ ಬಂದ ಮರುವರ್ಷವೇ ಗೊತ್ತಾಯಿತು. 1957ರ ಬೇಸಿಗೆ. ಕಾನಿನಲ್ಲಿ ಮುಸಿಯಗಳೂ ಮಂಗಗಳೂ ಸತ್ತು ಬೀಳತೊಡಗಿದವು. ಸೊಪ್ಪು, ಸೌದೆಗೆಂದು ಹೋದವರು ಸುಡುವ ಜ್ವರ ಹೊತ್ತು ಬಂದು ಮಲಗಿದರು. ಪೂನಾದ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿ, ಅದೊಂದು ಹೊಸ ವೈರಸ್ ಎಂದೂ ಉಣುಗಿನಿಂದ ಹರಡುತ್ತದೆಂದೂ ಕಂಡುಹಿಡಿದರು. ನಮ್ಮೂರಿನ ಹೆಸರು ಜಗತ್ತಿನ ವೈದ್ಯ ಪುಸ್ತಕಗಳಿಗೆಲ್ಲ ಸೇರಿಹೋಯಿತು. ಅಲ್ಲಿ ಕೆಲಸ ಮಾಡಿದವರಲ್ಲಿ ಬೋಶೆಲ್ ಎಂಬ ಕೊಲಂಬಿಯಾ ದೇಶದ ವೈದ್ಯರೂ ಒಬ್ಬರು. ಅವರು 1969ರಲ್ಲಿ ಬರೆದ ಲೇಖನದ ತಿರುಳನ್ನು ನನಗೆ ತಿಳಿಸಿ ಹೇಳಿದವಳು ನರ್ಸಿಂಗ್ ಓದಿದ ನನ್ನ ಮಗಳು. ರೋಗ ಕಾಡಿನಿಂದ ಬಂತು ಎಂದಷ್ಟೇ ಹೇಳಿ ಅವರು ಸುಮ್ಮನಾಗಲಿಲ್ಲ. ಜನ ಹೆಚ್ಚಿ, ಕಾಡನ್ನು ಅಲ್ಲಲ್ಲಿ ಕಡಿದು, ದನಗಳನ್ನು ಅದರೊಳಗೆ ಬಿಟ್ಟು, ಕಾಡಿಗೂ ಊರಿಗೂ ಇದ್ದ ಗೆರೆ ಅಳಿಸಿಹೋದದ್ದರಿಂದ ಉಣುಗಿಗೆ ಹಬ್ಬವಾಯಿತು ಎಂದರು. ಅಜ್ಜಿಯ ಕೂಗಳತೆಯನ್ನೇ ಅವರು ತಮ್ಮ ಶಾಸ್ತ್ರದ ಮಾತಿನಲ್ಲಿ ಹೇಳಿದ್ದರು ಎಂದು ನನಗನ್ನಿಸಿತು.

ಅಂದ ಹಾಗೆ, ಸೊರಬದ ಕಾನುಗಳೆಂದರೆ ಬರೀ ಕಾಡಲ್ಲ. ದೇವರು, ಕಾಳುಮೆಣಸು, ಬೈನೆ ಮರ ಎಲ್ಲವೂ ಇರುವ, ಊರವರೇ ಕಾಯ್ದುಕೊಂಡು ಬಂದ ಹಸಿರು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು 1868ರಲ್ಲಿ ಸೊರಬ ತಾಲ್ಲೂಕಿನ ಕಾನುಗಳ ಮೇಲೊಂದು ವರದಿ ಬರೆದು, 171 ಕಾನುಗಳನ್ನು ಲೆಕ್ಕಹಾಕಿದ್ದರು. ಈಗ ಎಷ್ಟು ಉಳಿದಿವೆಯೆಂದು ಎಣಿಸಲು ಹೊರಟರೆ ಮನಸ್ಸು ಕೆಡುತ್ತದೆ. ಅಕೇಶಿಯಾ, ಶುಂಠಿ ಹೊಲ, ಮನೆ, ಮತ್ತೆ ಅಕೇಶಿಯಾ.

ಮನೆ ಎಂದೆ. ಆ ಮನೆಗಳ ಕಥೆಯನ್ನೂ ಹೇಳಬೇಕು. ನಮ್ಮ ತಾಲ್ಲೂಕಿನವರೇ ಆದ, ಕುಬಟೂರಿನ ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ‘ಆಶ್ರಯ’ ಯೋಜನೆ ಬಂತು. ಸ್ವಂತ ಸೂರಿಲ್ಲದೆ ಒಡೆಯರ ಹಿತ್ತಲಿನ ಗುಡಿಸಲಿನಲ್ಲಿ ಬದುಕುತ್ತಿದ್ದವರಿಗೆ ಮನೆ ಸಿಕ್ಕಿತು. ಹಕ್ಕುಪತ್ರ ಹೆಂಗಸರ ಹೆಸರಿಗೇ ಬಂದ ಮನೆಗಳೂ ಎಷ್ಟೋ. ಅದು ಸಣ್ಣ ಮಾತಲ್ಲ. ನಮ್ಮ ಮನೆಗೆ ನಾಟಿಗೆ ಬರುತ್ತಿದ್ದ ಅಕ್ಕನೊಬ್ಬಳು ಹಕ್ಕುಪತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದು ಅವ್ವನಿಗೆ ತೋರಿಸಿದ್ದು, ಓದಲು ಬಾರದ ಅವ್ವ ಅದನ್ನು ಕಣ್ಣಿಗೊತ್ತಿಕೊಂಡಿದ್ದು ನನ್ನೆದುರೇ. ಆದರೆ ಆ ಕಾಲೊನಿಗೆ ಸಿಕ್ಕ ಜಾಗ ಯಾವುದು? ಅವಳ ಊರು ಯಾವುದೆಂದು ಹೇಳುವುದು ಬೇಡ, ನಮ್ಮ ಸುತ್ತಿನದೇ. ಊರೊಳಗೆ ಜಾಗವಿರಲಿಲ್ಲ, ಇದ್ದವರು ಬಿಡಲಿಲ್ಲ. ಕಾನಿನ ಅಂಚಿನಲ್ಲಿ, ಹಿತ್ತಲ ಬಾಗಿಲು ತೆರೆದರೆ ಲಂಟಾನದ ಪೊದೆಯೇ ಕೈಗೆ ತಾಗುವ ಕಡೆ, ಎರಡು ಸಾಲು ಮನೆ. ನೀರಿಗೆ ಇಳಿದು ಹೋಗಬೇಕು, ಹತ್ತಿ ಬರಬೇಕು. ಸೌದೆಗೆ, ತರಗೆಲೆಗೆ ಮಾತ್ರ ನಾಲ್ಕೇ ಹೆಜ್ಜೆ. ಆ ನಾಲ್ಕು ಹೆಜ್ಜೆಯಲ್ಲಿಯೇ ಒಂದು ಫೆಬ್ರವರಿ ತಿಂಗಳಲ್ಲಿ ಅವಳ ಗಂಡನಿಗೆ ಉಣುಗು ಹತ್ತಿತು. ಹನ್ನೆರಡು ದಿನ. ಆಸ್ಪತ್ರೆಯಿಂದ ವಾಪಸು ಬಂದದ್ದು ಹೆಣ. ಆರೋಗ್ಯ ಇಲಾಖೆಯವರು ಮೈಕೈಗೆ ಹಚ್ಚಿಕೊಳ್ಳಲು ಡಿಎಂಪಿ ಎಣ್ಣೆ ಕೊಡುತ್ತಿದ್ದರು, ಚುಚ್ಚುಮದ್ದು ಹಾಕುತ್ತಿದ್ದರು, ಡಂಗುರವನ್ನೂ ಹೊಡೆಸುತ್ತಿದ್ದರು, ಕಾಡಿಗೆ ಹೋಗಬೇಡಿ ಎಂದು. ಕಾಡಿಗೆ ಹೋಗುವುದೇನು ಬಂತು, ಅವರ ಮನೆಯನ್ನೇ ಅಲ್ಲಿಟ್ಟ ಮೇಲೆ?

ಮರುದಿನ ಬೆಳಿಗ್ಗೆ ತಮ್ಮನ ಜೊತೆ ಗದ್ದೆಗೆ ಇಳಿದೆ. ರಸ್ತೆ ಬದಿಯಲ್ಲಿ ಆಗಲೇ ಸುಣ್ಣದ ಗೆರೆ ಎಳೆದು, ಗೂಟ ಹೊಡೆದು ಆಗಿತ್ತು. ಗದ್ದೆ ನೆಲ ರಸ್ತೆಗಿಂತ ತಗ್ಗು. ಮೂರಡಿ ಎತ್ತರಿಸಬೇಕಂತೆ. ನನಗೆ ಲೆಕ್ಕದ ಹುಚ್ಚು ಸ್ವಲ್ಪ ಇದೆ, ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿದ ದೋಷ. ಎಕರೆಗೆ 43,560 ಚದರ ಅಡಿ. ಮೂರಡಿ ಏರಿಸಲು ಒಂದು ಲಕ್ಷ ಮೂವತ್ತು ಸಾವಿರ ಘನ ಅಡಿ ಮಣ್ಣು. ಟ್ರ್ಯಾಕ್ಟರಿನ ಒಂದು ಲೋಡಿಗೆ ನೂರು ಘನ ಅಡಿ ಎಂದಿಟ್ಟುಕೊಂಡರೂ ಸಾವಿರದ ಮುನ್ನೂರು ಲೋಡು.

“ಇಷ್ಟು ಮಣ್ಣು ಎಲ್ಲಿಂದ ತರ್ತಾರೋ?”

“ಹಕ್ಕಲಿಂದ” ಎಂದ. ಬಾಯಿ ತಪ್ಪಿ ಬಂದ ಮಾತಲ್ಲ, ಸಹಜವಾಗಿಯೇ ಅಂದ.

“ಹಕ್ಕಲನ್ನ ಅಗೆದು ತಂದು ಗದ್ದೆ ತುಂಬಿ ಅದರ ಮೇಲೆ ಮನೆ ಕಟ್ಟೋದರ ಬದಲು, ಹಕ್ಕಲಿನ ಮೇಲೇ ಕಟ್ಟಬಹುದಲ್ಲ? ಊರಿನ ಕೊನೇ ಮನೆಗೆ ಅಂಟಿಕೊಂಡೇ ಇದೆ. ಗಟ್ಟಿ ನೆಲ. ನೀರು ನಿಲ್ಲೋದಿಲ್ಲ. ಕಾನೂ ದೂರ.”

ತಮ್ಮ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಶಾಲೆಯಲ್ಲಿ ಭಾಗಾಕಾರ ಬಾರದ ಹುಡುಗನನ್ನು ನಾನು ನೋಡುತ್ತಿದ್ದಂತಿತ್ತು. “ಅಕ್ಕಾ, ಹಕ್ಕಲಿಗೆ ಕಾಗದ ಎಲ್ಲಿದೆ? ಸ್ವಲ್ಪ ಗೋಮಾಳ ಅಂತಾರೆ, ಸ್ವಲ್ಪ ಬಗರ್‌ಹುಕುಂ ಅರ್ಜಿ, ಇನ್ನು ಸ್ವಲ್ಪ ಡೀಮ್ಡ್ ಫಾರೆಸ್ಟ್ ಅಂತಾರೆ. ಗದ್ದೆಗೆ ಕಾಗದ ಶುದ್ಧ ಇದೆ. ಅಪ್ಪ ನಮೂನೆ ಏಳು ಹಾಕಿದ್ದಕ್ಕೆ.”

ನಾನು ಬದುವಿನ ಮೇಲೆ ಕೂತುಬಿಟ್ಟೆ. ಅಪ್ಪ ಉಳುವುದಕ್ಕೆಂದು ಹೋರಾಡಿ ಪಡೆದ ಕಾಗದವೇ ಈಗ ಗದ್ದೆಯನ್ನು ಮುಚ್ಚಲು ಅನುಕೂಲವಾಗಿದೆ. ಮನೆ ಕಟ್ಟಲು ಯೋಗ್ಯವಾದ ಜಾಗಕ್ಕೆ ಕಾಗದವಿಲ್ಲ, ಕಾಗದವಿರುವ ಜಾಗ ಮನೆಗೆ ಯೋಗ್ಯವಲ್ಲ. 1996ರ ಸುಪ್ರೀಂ ಕೋರ್ಟಿನ ಆದೇಶದ ನಂತರ ಯಾವುದು ಕಾಡು, ಯಾವುದು ಕಂದಾಯ ಭೂಮಿ ಎಂಬ ತಕರಾರು ಮಲೆನಾಡಿನಲ್ಲಿ ಮುಗಿದೇ ಇಲ್ಲ. ದುಡ್ಡಿದ್ದವರು ಗದ್ದೆ ತುಂಬಿ ಮನೆ ಕಟ್ಟುತ್ತಾರೆ. ಇಲ್ಲದವರು ಕಾನಿನ ಅಂಚಿನಲ್ಲಿ ಒಂದು ಗೋಡೆ ಎಬ್ಬಿಸಿ, 94ಸಿ ಅರ್ಜಿ ಹಾಕಿ ಕಾಯುತ್ತಾರೆ. ನಡುವಿನ ಹಕ್ಕಲು ಯಾರದೂ ಅಲ್ಲದೆ ಬಿದ್ದಿದೆ. ಅದರ ಮಣ್ಣು ಮಾತ್ರ ಟ್ರ್ಯಾಕ್ಟರು ಹತ್ತಿ ಎಲ್ಲಿಗೆ ಬೇಕಾದರೂ ಹೋಗಬಹುದು. ಪಟ್ಟಣಗಳಿಗಾದರೆ 1961ರ ಕಾಯ್ದೆಯ ಪ್ರಕಾರ ಮಹಾಯೋಜನೆ ಎಂಬುದೊಂದು ಇರುತ್ತದೆ. ಪಾಲಿಸುತ್ತಾರೋ ಇಲ್ಲವೋ, ಗೋಡೆಯ ಮೇಲೆ ನಕ್ಷೆಯಾದರೂ ತೂಗುತ್ತದೆ. ಹಳ್ಳಿಗೆ ಹಳೆಯ ಗ್ರಾಮಠಾಣಾ ಒಂದಿದೆ. ಮುತ್ತಜ್ಜನ ಕಾಲದ ಅಂಗಿಯನ್ನು ಮರಿಮಗನಿಗೆ ತೊಡಿಸಿದ ಹಾಗೆ ಅದು ಎಲ್ಲ ಕಡೆಯೂ ಹರಿದಿದೆ. ಊರು ಬೆಳೆಯಲೆಂದು ಸರ್ಕಾರಿ ಜಾಗವನ್ನು ಕಾಯ್ದಿರಿಸಿ ಗ್ರಾಮಠಾಣಾ ವಿಸ್ತರಿಸಲು ದಾರಿ ಇಲ್ಲದಿಲ್ಲ. ಆದರೆ ಅದನ್ನು ಹಿಡಿದು ಹೋಗುವಷ್ಟು ತಾಳ್ಮೆ ಯಾರಿಗಿದೆ?

ಇಷ್ಟೆಲ್ಲ ದೊಡ್ಡ ಮಾತಾಡುವ ನಾನು ಎಲ್ಲಿದ್ದೇನೆ ಎಂಬುದನ್ನೂ ಹೇಳಿಬಿಡಬೇಕು. ಶಿವಮೊಗ್ಗದ ನಮ್ಮ ಬಡಾವಣೆಯೂ ಗದ್ದೆಯೇ. ಇಪ್ಪತ್ತು ವರ್ಷದ ಹಿಂದೆ ನಾವು ಸೈಟು ನೋಡಲು ಹೋದಾಗ ಕೊಯ್ದ ಭತ್ತದ ಕೂಳೆ ಇನ್ನೂ ಕಾಲಿಗೆ ಚುಚ್ಚುತ್ತಿತ್ತು. ಎಂಥ ಸಮತಟ್ಟು ಜಾಗ ಎಂದು ಸಂತೋಷಪಟ್ಟಿದ್ದೆವು! ಸಮತಟ್ಟು ಯಾಕೆಂದು ನೀರಿಗೆ ಗೊತ್ತಿತ್ತು. ಈಗ ಜುಲೈ ತಿಂಗಳಲ್ಲಿ ದೊಡ್ಡ ಮಳೆ ಬಂದರೆ ಚರಂಡಿ ಹಿಂದಕ್ಕೆ ಹರಿಯುತ್ತದೆ, ಬಚ್ಚಲ ಕಂಡಿಯಿಂದ ನೀರು ಉಕ್ಕುತ್ತದೆ, ತುಳಸಿ ಕಟ್ಟೆಯ ಸುತ್ತ ಕಪ್ಪೆಗಳು ಸಭೆ ಸೇರುತ್ತವೆ. ಅವುಗಳದ್ದೇ ಜಾಗ, ನಾವೇ ಮೇಲೆ ಬಿದ್ದು ಬಂದವರು. ಗೋಡೆಯಲ್ಲಿ ಓರೆಯಾಗಿ ಬಿಟ್ಟ ಬಿರುಕಿಗೆ ಪ್ರತಿ ವರ್ಷ ಯುಗಾದಿಗೆ ಸುಣ್ಣ ತುಂಬುವುದು ನಮ್ಮ ಯಜಮಾನರ ವ್ರತ.

ಮಧ್ಯಾಹ್ನ ಊಟಕ್ಕೆ ಕೂತಾಗ ತಮ್ಮನ ಹೆಂಡತಿ ಬಡಿಸುತ್ತಾ ಬಡಿಸುತ್ತಾ ಕೇಳಿದಳು. ಅವಳು ಮಾತು ಕಡಿಮೆ.

“ಅತ್ತಿಗೆ, ಇಪ್ಪತ್ತು ಮನೆ ಅಂದ್ರೆ ಇಪ್ಪತ್ತು ಪಾಯಿಖಾನೆ ಗುಂಡಿ ಅಲ್ವಾ?”

ತಮ್ಮ ಅನ್ನ ಕಲಸುವುದನ್ನು ನಿಲ್ಲಿಸಿದ.

“ಮಳೆಗಾಲದಲ್ಲಿ ಆ ಗದ್ದೇಲಿ ಒಂದು ಮೊಳ ತೋಡಿದ್ರೆ ನೀರು ಬರ್ತದೆ. ಗುಂಡಿ ತುಂಬಿ ಎಲ್ಲಿಗೆ ಹೋಗ್ತದೆ? ಕೆಳಗಿನ ಬಾವಿ ನಮ್ಮದೇ. ಬೇಸಿಗೇಲಿ ನಲ್ಲಿ ನಿಂತಾಗ ಕೇರಿಯವರೆಲ್ಲ ಬರೋದು ಅದಕ್ಕೇ. ನೀವು ಸಹಿ ಹಾಕಿ ಹೋಗ್ತೀರಿ. ಸೇದೋಳು ನಾನು.”

ಗಿರಾಕಿ ಬಂದಿದ್ದ, ಸರ್ವೆಯವನು ಬಂದಿದ್ದ, ವಕೀಲರು ಕಾಗದ ನೋಡಿದ್ದರು. ಎಲ್ಲರೂ ಇದೇ ಜಗಲಿಯ ಮೇಲೆ ಕೂತು ಇವಳು ಮಾಡಿಕೊಟ್ಟ ಚಹಾ ಕುಡಿದಿದ್ದರು. ಬಾವಿಯ ಮಾತು ಒಬ್ಬರ ಬಾಯಲ್ಲೂ ಬಂದಿರಲಿಲ್ಲ. ನನ್ನ ಬಾಯಲ್ಲೂ ಬಂದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಹಾಗಾದರೆ ಸಹಿ ಹಾಕುವುದಿಲ್ಲ ಎಂದು ನಿರ್ಧರಿಸಿ, ಒಳ್ಳೆಯ ಕೆಲಸ ಮಾಡಿದವಳ ಗತ್ತಿನಲ್ಲಿ ಸಂಜೆ ಜಗಲಿಯಲ್ಲಿ ಕೂತಿದ್ದೆ. ಆಗ ಬಂದವಳು ಕಾಲೊನಿಯ ಆ ಅಕ್ಕನ ಮಗಳು. ತಾಯಿ ತೀರಿಕೊಂಡು ಎರಡು ವರ್ಷವಾಯಿತಂತೆ. ತಾಯಿಯ ಅದೇ ಎರಡು ಕೋಣೆಯ ಮನೆಯಲ್ಲಿ ಈಗ ಮೂರು ಸಂಸಾರ. ಇವಳದು, ಇಬ್ಬರು ತಮ್ಮಂದಿರದು. ಸೊರಬದ ಒಂದು ಗಾರ್ಮೆಂಟ್ಸಿಗೆ ದುಡಿಯಲು ಹೋಗುತ್ತಾಳೆ, ಗಂಡ ಗಾರೆ ಕೆಲಸ. ಅವ್ವನ ಕಾಲು ಮುಟ್ಟಿ, ಬಾಗಿಲಲ್ಲೇ ಕೂತು, ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಆಮೇಲೆ ಕೇಳಿದಳು.

“ದೊಡ್ಡಮ್ಮಾ, ಸೈಟು ಮಾಡ್ತೀರಂತೆ. ಒಂದು ನನಗೆ ಅಂತ ಇಡ್ತೀರಾ? ಒಂದೇ ಸಲಕ್ಕೆ ಕೊಡೋಕೆ ಆಗೋದಿಲ್ಲ. ಸಂಘದಲ್ಲಿ ಸ್ವಲ್ಪ ಇದೆ. ಮಗಳಿಗೆ ಹನ್ನೆರಡು ವರ್ಷ. ಆ ಕಾನಿನ ಬುಡದಲ್ಲಿ ಅವಳನ್ನ ಬಿಟ್ಟು ಕೆಲಸಕ್ಕೆ ಹೋಗೋಕೆ ಧೈರ್ಯ ಆಗೋದಿಲ್ಲ.”

ನನ್ನ ಗತ್ತು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಗದ್ದೆ ಉಳಿಯಬೇಕು, ಕೆರೆ ಉಳಿಯಬೇಕು, ಕಾನು ಉಳಿಯಬೇಕು ಎಂದೆಲ್ಲ ಅನ್ನುವುದು ಸುಲಭ. ಇವಳು ಎಲ್ಲಿ ಮಲಗಬೇಕು? 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಇದೇ ಕಾಯಿಲೆ ಮತ್ತೆ ಹೆಣ ಬೀಳಿಸಿದಾಗ ಪತ್ರಿಕೆಯಲ್ಲಿ ಓದಿ ಅಯ್ಯೋ ಎಂದವಳು ನಾನು. ಇವಳಿಗೆ ಆ ಭಯ ಪ್ರತಿ ವರ್ಷ ಡಿಸೆಂಬರಿಗೆ ಬಂದು ಮಳೆ ಬೀಳುವವರೆಗೂ ಹೋಗುವುದಿಲ್ಲ.

ರಾತ್ರಿ ನಾವು ನಾಲ್ವರೂ ಲಾಟೀನು ಹಿಡಿದು, ಅಂದರೆ ತಮ್ಮನ ಮೊಬೈಲು ಬೆಳಕು ಹಿಡಿದು, ಅಡಿಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗದ್ದೆ ಬರೆದೆವು. ಕರೆಂಟು ಹೋಗಿತ್ತು. ರಸ್ತೆಗೆ ತಾಗಿದಂತೆ, ದಿಣ್ಣೆಯ ಕಡೆಗೆ, ಎಂಟು ಗುಂಟೆಯಷ್ಟು ಜಾಗ ಉಳಿದದ್ದಕ್ಕಿಂತ ಎತ್ತರದಲ್ಲಿದೆ. ಮೊದಲು ಅದು ಕಣವಾಗಿತ್ತು. ಬಾವಿಯಿಂದ ದೂರ, ಗ್ರಾಮಠಾಣಾಕ್ಕೆ ಒತ್ತಿಕೊಂಡಂತೆ ಇದೆ. ಅಷ್ಟನ್ನು ಮಾತ್ರ ಪರಿವರ್ತನೆ ಮಾಡಿಸಿದರೆ ಐದಾರು ಮನೆಯಾಗುತ್ತದೆ. ಮಣ್ಣು ತುಂಬಬೇಕಾದ್ದಿಲ್ಲ. ಅದರಲ್ಲಿ ಒಂದು ಆ ಹುಡುಗಿಗೆ, ಕಂತಿನ ಮೇಲೆ. ಉಳಿದ ಮೂವತ್ತೆರಡು ಗುಂಟೆ ಗದ್ದೆಯಾಗೇ ಇರಲಿ. ಬೇಕಾದರೆ ಗೇಣಿಗೆ ಕೊಡು ಎಂದು ಅವ್ವ ಅಂದಾಗ ಎಲ್ಲರಿಗೂ ನಗು ಬಂತು, ಅಜ್ಜನ ನೆನಪಾಗಿ.

ತಮ್ಮ ಮಾತ್ರ ಪೂರ್ತಿ ನಗಲಿಲ್ಲ. “ಬೋರಿನ ಸಾಲ ಅರ್ಧವೂ ತೀರೋದಿಲ್ಲ ಅಕ್ಕಾ” ಎಂದ. ಅದು ನಿಜ. ನನ್ನ ಪಾಲು ನನಗೆ ಬೇಡ, ಸಾಲಕ್ಕೆ ಹಾಕು ಎಂದು ಹೇಳಲು ನನಗೆ ಒಂದು ಗಳಿಗೆ ಹಿಡಿಯಿತು. ಹೇಳಿದೆ. ಆ ಒಂದು ಗಳಿಗೆಯನ್ನು ತಮ್ಮನ ಹೆಂಡತಿ ಗಮನಿಸಿದಳು ಎಂದು ನನ್ನ ಅನುಮಾನ.

ಗಿರಾಕಿಗೆ ಇದು ಸರಿಬರಲಿಲ್ಲ. ಅವನಿಗೆ ಎಕರೆಯೇ ಬೇಕು, ಇಲ್ಲವಾದರೆ ಬೇಡ. ಪಕ್ಕದವರ ಗದ್ದೆಯನ್ನು ಕೇಳುತ್ತಿದ್ದಾನಂತೆ. ಅವರು ಕೊಟ್ಟರೆ ಮಣ್ಣಿನ ಟ್ರ್ಯಾಕ್ಟರುಗಳು ನಮ್ಮ ಮನೆಯ ಮುಂದೆಯೇ ಹೋಗಬೇಕು, ಬಾವಿಗೂ ಅದು ಏನೂ ದೂರವಲ್ಲ. ಹಕ್ಕಲಿನಲ್ಲಿ ಊರು ಬೆಳೆಯಲು ಜಾಗ ಗುರುತಿಸಿಕೊಡಿ ಎಂದು ಗ್ರಾಮಸಭೆಯಲ್ಲಿ ಕೇಳಲು ತಮ್ಮನ ಹೆಂಡತಿ ಸಂಘದ ಏಳು ಹೆಂಗಸರನ್ನು ಕರೆದುಕೊಂಡು ಹೋಗಿದ್ದಳು. ಅರ್ಜಿ ತೆಗೆದುಕೊಂಡಿದ್ದಾರೆ. “ಚೀಟಿ ಕೊಟ್ರಾ?” ಎಂದು ಕೇಳಿದೆ. “ಇಸ್ಕೊಂಡೇ ಬಂದೆ ಅತ್ತಿಗೆ, ದೇವರ ಫೋಟೋ ಹಿಂದೆ ಇಟ್ಟಿದೀನಿ” ಎಂದಳು.

ಎಂಟು ಗುಂಟೆಯ ಪರಿವರ್ತನೆಗೆ ಅರ್ಜಿ ಹಾಕಲು ಬೇಕಾದ ಸಹಿಯನ್ನು ಹಾಕಿ ಬಂದಿದ್ದೇನೆ. ನಮ್ಮ ಅಡಿಗೆಮನೆಯ ಕಟ್ಟೆ ಹಳೆಯದೇ ಇದೆ. ನಿನ್ನೆ ರಾತ್ರಿಯ ಮಳೆಗೆ ಬಚ್ಚಲ ಕಂಡಿಯಿಂದ ನೀರು ಬಂದಿತ್ತು. ಬೆಳಿಗ್ಗೆ ಎದ್ದು ಗೋಣಿಚೀಲ ಹಾಸಿ, ಎರಡು ಕಪ್ಪೆಗಳನ್ನು ಪೊರಕೆಯಿಂದ ಮೆಲ್ಲಗೆ ಹೊರಗೆ ಕಳಿಸಿ, ಆಮೇಲೆ ಇದನ್ನು ಬರೆಯಲು ಕೂತೆ.